ಯಂತ್ರದೊಳಗಿನ ಕೈ ಯಾರದು?

ಸಂಗೀತದ ಮಾತು ಬಂದಾಗ ನಮ್ಮ ವಿದ್ಯಾವಂತರು ತಪ್ಪದೆ ಆಡುವ ಒಂದು ಮಾತುಂಟು: ‘ಈಗೇನು ಸ್ವಾಮಿ, ಎಲ್ಲ ಯಂತ್ರವೇ ಬಾರಿಸುತ್ತದೆ, ಮನುಷ್ಯ ಎಲ್ಲಿದ್ದಾನೆ?’ ಆಡಿದವರು ನಿಟ್ಟುಸಿರು ಬಿಡುತ್ತಾರೆ, ಕೇಳಿದವರು ತಲೆದೂಗುತ್ತಾರೆ, ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಪಂಗಡದವರಿದ್ದಾರೆ. ಅವರು ಹೊಸಬರು, ಉತ್ಸಾಹಿಗಳು. ಒಬ್ಬನೇ ಒಂದು ಕೋಣೆಯಲ್ಲಿ ಕುಳಿತು ಇಡೀ ವಾದ್ಯವೃಂದದ ಕೆಲಸವನ್ನು ಮಾಡಿ ಮುಗಿಸಬಹುದು, ಯಾರ ಹಂಗೂ ಬೇಡ ಎಂದು ಅವರ ಹೆಮ್ಮೆ. ಈ ಎರಡು ಪಂಗಡಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಪೂರ್ಣ ಒಮ್ಮತ: ಯಂತ್ರದೊಳಗೆ ಮನುಷ್ಯನಿಲ್ಲ ಎಂಬುದು. ನನ್ನ ತಕರಾರು ಈ ಒಮ್ಮತದ ಮೇಲೆಯೇ. ಒಳಗೆ ಮನುಷ್ಯನಿದ್ದಾನೆ. ಅವನು ಇಲ್ಲವೆಂದು ಒಬ್ಬರು ಅಳುತ್ತಿರುವಾಗ, ಇಲ್ಲವೆಂದು ಇನ್ನೊಬ್ಬರು ಹಿಗ್ಗುತ್ತಿರುವಾಗ, ಅವನ ಹೆಸರು ಮಾತ್ರ ಸದ್ದಿಲ್ಲದೆ ಅಳಿಸಿಹೋಗಿದೆ.

ಮಾತು ಗಾಳಿಯಲ್ಲಿ ತೇಲಬಾರದು. ಆದುದರಿಂದ ಒಂದು ಯಂತ್ರವನ್ನೇ ಎದುರಿಗಿಟ್ಟುಕೊಂಡು ವಿಚಾರ ಮಾಡೋಣ. 1980ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ರೋಜರ್ ಲಿನ್ ಎಂಬವರು ‘ಎಲ್‌ಎಂ-1’ ಎಂಬ ಡ್ರಮ್ ಯಂತ್ರವೊಂದನ್ನು ಮಾರಾಟಕ್ಕೆ ತಂದರು. ಬೆಲೆ ಸುಮಾರು 5,000 ಡಾಲರು. ತಯಾರಾದವು ಸುಮಾರು 500. 1982ರಲ್ಲಿ ಅದರ ತಮ್ಮನಾಗಿ ‘ಲಿನ್‌ಡ್ರಮ್’ ಬಂದಿತು. ಬೆಲೆ 2,995 ಡಾಲರಿಗೆ ಇಳಿಯಿತು, ತಯಾರಾದವುಗಳ ಸಂಖ್ಯೆ ಸುಮಾರು 5,000ಕ್ಕೆ ಏರಿತು. 1986ರಲ್ಲಿ ಲಿನ್ ಅವರ ಕಂಪನಿ ಬಾಗಿಲು ಹಾಕಿತು. ಆರೇ ವರ್ಷದ ಬಾಳು. ಆದರೆ ಆ ಆರು ವರ್ಷಗಳಲ್ಲಿ ಪಶ್ಚಿಮದ ಜನಪ್ರಿಯ ಸಂಗೀತದ ನಾಡಿಬಡಿತವೇ ಬದಲಾಗಿಬಿಟ್ಟಿತು. ಅದಕ್ಕೂ ಹಿಂದೆ ತಾಳ ಹಾಕುವ ಯಂತ್ರಗಳು ಇರಲಿಲ್ಲವೆಂದಲ್ಲ, ಇದ್ದವು. ಆದರೆ ಅವುಗಳ ಸದ್ದನ್ನು ಕೇಳಿ ಇದು ಡ್ರಮ್ಮು ಎಂದು ಯಾರೂ ಮೋಸಹೋಗುತ್ತಿರಲಿಲ್ಲ. ಲಿನ್ ಅವರ ಯಂತ್ರದ ಸದ್ದು ನಿಜವಾದ ಡ್ರಮ್ಮಿನದೇ ಆಗಿತ್ತು. ಹೇಗೆ ಎಂಬುದರಲ್ಲಿಯೇ ನನ್ನ ವಾದದ ಬುಡವಿದೆ. ವಾಚಕರು ತುಸು ಸಹನೆಯಿಂದ ಕೇಳಬೇಕು.

ಗ್ರಾಮಫೋನು ಎಲ್ಲರಿಗೂ ಗೊತ್ತು. ಹಾಡಿದವರ ಧ್ವನಿಯನ್ನು ತಟ್ಟೆಯ ಗೆರೆಯಲ್ಲಿ ಹಿಡಿದಿಟ್ಟು, ಬೇಕಾದಾಗ ಮುಳ್ಳಿನಿಂದ ಎಬ್ಬಿಸುವುದು ಅದರ ಕೆಲಸ. ಎಲ್‌ಎಂ-1 ಎಂದರೆ ಒಂದೊಂದೇ ಏಟಿನ ಗ್ರಾಮಫೋನು. ಒಬ್ಬ ವಾದಕ ಸ್ಟುಡಿಯೋದಲ್ಲಿ ಕುಳಿತು ಡ್ರಮ್ಮಿನ ಮೇಲೆ ಒಂದು ಏಟು ಹಾಕುತ್ತಾನೆ. ಆ ಸದ್ದಿನ ಅಲೆಯನ್ನು ಸೆಕೆಂಡಿಗೆ 28,000 ಸಲ ಅಳೆದು, ಆ ಅಳತೆಗಳನ್ನು ಅಂಕೆಗಳಾಗಿ ಒಂದು ಚಿಪ್ಪಿನಲ್ಲಿ ಬರೆದಿಡುತ್ತಾರೆ. ಇದಕ್ಕೆ ಸ್ಯಾಂಪಲ್ ಎಂದು ಹೆಸರು. ಯಂತ್ರದ ಗುಂಡಿಯನ್ನು ಒತ್ತಿದಾಗ ಚಿಪ್ಪು ಅದೇ ಅಂಕೆಗಳನ್ನು ಅದೇ ವೇಗದಲ್ಲಿ ಓದಿ ಹೇಳುತ್ತದೆ. ಧ್ವನಿವರ್ಧಕದಿಂದ ಅದೇ ಏಟು ಹೊರಬೀಳುತ್ತದೆ. ಅದೇ 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ‘ಟಿಆರ್-808’ ಎಂಬ ಇನ್ನೊಂದು ಯಂತ್ರವನ್ನು ತಂದಿತು. ನಮ್ಮ ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ್ದು ಆ ಯಂತ್ರದಿಂದ. 808ರ ಸದ್ದು ವಿದ್ಯುತ್ತಿನ ಮಂಡಲದಲ್ಲಿಯೇ ಹುಟ್ಟುತ್ತದೆ. ಅದರ ಹಿಂದೆ ಯಾವ ವಾದಕನ ಕೈಯೂ ಇಲ್ಲ. ಎಲ್‌ಎಂ-1ರ ಹಿಂದೆ ಇದೆ. ಹೊರಗಿನಿಂದ ನೋಡುವವನಿಗೆ ಎರಡೂ ಗುಂಡಿಗಳಿರುವ ಪೆಟ್ಟಿಗೆಗಳೇ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ‘ಯಂತ್ರ’ ಎಂದುಬಿಡುವುದು ಸುಲಭ. ಆದರೆ ಒಂದು ಚಿತ್ರ ಬರೆದದ್ದು, ಇನ್ನೊಂದು ಫೋಟೋ ತೆಗೆದದ್ದು. ಫೋಟೋದಲ್ಲಿ ಯಾರಿದ್ದಾರೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಎಲ್‌ಎಂ-1ರಲ್ಲಿ ಇದ್ದದ್ದು ಹನ್ನೆರಡು ಸದ್ದುಗಳು. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು, ಸ್ನೇರ್, ಹೈ-ಹ್ಯಾಟ್, ಎರಡು ಟಾಮ್, ಎರಡು ಕಾಂಗೊ, ಟ್ಯಾಂಬೊರಿನ್, ಕಬಾಸ, ಹಸುವಿನ ಕೊರಳ ಗಂಟೆ, ಕ್ಲೇವ್ಸ್ ಎಂಬ ಕೋಲುಗಳು, ಚಪ್ಪಾಳೆ. ದೊಡ್ಡ ಕಂಚಿನ ತಾಳ, ಅಂದರೆ ಸಿಂಬಲ್, ಇರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ: ಸಿಂಬಲಿನ ನಾದ ಬಹಳ ಹೊತ್ತು ನಿಲ್ಲುತ್ತದೆ; ಅಷ್ಟು ಹೊತ್ತಿನ ಅಂಕೆಗಳನ್ನು ಬರೆದಿಡಲು ಬೇಕಾದಷ್ಟು ಚಿಪ್ಪುಗಳ ಬೆಲೆ ಆಗ ಕೈಗೆಟುಕುತ್ತಿರಲಿಲ್ಲ. ಲಿನ್‌ಡ್ರಮ್ಮಿನ ಹೊತ್ತಿಗೆ ಚಿಪ್ಪು ಅಗ್ಗವಾಗಿ ಸಿಂಬಲ್ಲೂ ಸೇರಿತು. ಈ ಲಿನ್ ಯಂತ್ರದ ಸದ್ದುಗಳಲ್ಲಿ ಬಹುಪಾಲನ್ನು ಬಾರಿಸಿಕೊಟ್ಟವರು ಆರ್ಟ್ ವುಡ್ ಎಂಬ ಲಾಸ್ ಏಂಜಲಿಸ್‌ನ ಸ್ಟುಡಿಯೋ ವಾದಕರು. ಈ ಹೆಸರನ್ನು ವಾಚಕರಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಎಂಬತ್ತರ ದಶಕದ ಇಂಗ್ಲಿಷ್ ಹಾಡುಗಳನ್ನು ರೇಡಿಯೋದಲ್ಲಿಯೋ ಕ್ಯಾಸೆಟ್ಟಿನಲ್ಲಿಯೋ ಕೇಳಿ ಬೆಳೆದವರೆಲ್ಲರೂ ಈ ಯಂತ್ರದ ಏಟುಗಳನ್ನು ಕೇಳಿದ್ದಾರೆ. ನಾರ್ವೆಯ ‘ಅ-ಹ’ ತಂಡದ ‘ಟೇಕ್ ಆನ್ ಮಿ’ ಹಾಡಿನ ಹಿಂದೆ ಬಡಿಯುವುದು ಲಿನ್‌ಡ್ರಮ್ಮೇ. ಅದರಲ್ಲಿ ಹಾಡಿದವರ ಮುಖ ಜಗತ್ತಿಗೇ ಪರಿಚಯ. ಯಂತ್ರಕ್ಕೆ ಏಟು ಕೊಟ್ಟ ಕೈಯ ಹೆಸರನ್ನು ಹಳೆಯ ಯಂತ್ರಗಳ ಹುಚ್ಚು ಹಿಡಿದವರು ಮಾತ್ರ ಬಲ್ಲರು.

ಈಗ ನಿಟ್ಟುಸಿರಿನ ಪಂಗಡದವರ ಆಪಾದನೆಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು, ಯಂತ್ರದ ತಾಳಕ್ಕೆ ಜೀವವಿಲ್ಲ ಎಂಬುದು. ಮನುಷ್ಯನ ಲಯ ಉಸಿರಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಯಂತ್ರದ್ದು ಗಡಿಯಾರದಂತೆ ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಲಿನ್ ಈ ಆಕ್ಷೇಪವನ್ನು ನಮಗಿಂತ ಮೊದಲೇ ಕೇಳಿಸಿಕೊಂಡಿದ್ದರು. ಅವರು ಮೊದಲು ಗಿಟಾರ್ ವಾದಕರು, ಆಮೇಲೆ ಯಂತ್ರಕಾರರು. ಅವರ ಯಂತ್ರದಲ್ಲಿ ಎರಡು ಸೌಕರ್ಯಗಳಿದ್ದವು. ನೀವು ಗುಂಡಿ ಒತ್ತುವಾಗ ತುಸು ಹಿಂದುಮುಂದಾದರೆ ಅದು ತಿದ್ದಿ ಸರಿಯಾದ ಅಕ್ಷರದ ಮೇಲೆ ಕೂರಿಸುವುದು ಒಂದು. ಕೂರಿಸಿದ ಮೇಲೆ, ಒಂದು ಏಟಿನೊಳಗಿನ ನಾಲ್ಕು ಅಕ್ಷರಗಳಲ್ಲಿ ಎರಡನೆಯದನ್ನೂ ನಾಲ್ಕನೆಯದನ್ನೂ ನಿಮಗೆ ಬೇಕಾದಷ್ಟು ತಡಮಾಡುವುದು ಇನ್ನೊಂದು. ಈ ತಡದಿಂದ ನಡೆಗೆ ಓಲಾಟ ಬರುತ್ತದೆ. ನಾಲ್ಕು ಕಾಲಿನ ನೇರ ನಡೆ ಮೂರರ ನಡೆಯ ಕಡೆಗೆ ವಾಲಿದಂತೆ ಕೇಳುತ್ತದೆ. ಎಷ್ಟು ವಾಲಬೇಕೆಂಬುದು ಬಳಸುವವನ ಕಿವಿಗೆ ಬಿಟ್ಟದ್ದು. ಈ ಉಪಾಯವನ್ನು ಅನಂತರ ಬಂದ ತಾಳಯಂತ್ರಗಳೆಲ್ಲ ಕಲಿತವು. ನಡೆಗೆ ಓಲಾಟ ಕೊಡದೆ ಸೋಮಾರಿಯಾಗಿ ಬಳಸಿದವನ ಹಾಡು ಗಡಿಯಾರದಂತೆ ಕೇಳಿದರೆ, ತಪ್ಪು ಪೆಟ್ಟಿಗೆಯದೆ? ಕುಣಿಯಲಾರದವಳು ನೆಲ ಡೊಂಕೆಂದ ಮಾತು ಇಲ್ಲಿಗೂ ಸಲ್ಲುತ್ತದೆ.

ಬಲ್ಲವನ ಕೈಯಲ್ಲಿ ಅದೇ ಪೆಟ್ಟಿಗೆ ಏನಾಯಿತೆಂಬುದಕ್ಕೆ ಮಿನಿಯಾಪೊಲಿಸ್‌ನ ಪ್ರಿನ್ಸ್ ಸಾಕ್ಷಿ. 1982ರ ‘1999’ ಎಂಬ ಧ್ವನಿಮುದ್ರಿಕೆಯಲ್ಲಿಯೂ 1984ರ ‘ಪರ್ಪಲ್ ರೇನ್’ನಲ್ಲಿಯೂ ಆತ ಎಲ್‌ಎಂ-1ನ್ನು ಧಾರಾಳವಾಗಿ ಬಳಸಿದ. ಏಟುಗಳ ಶ್ರುತಿಯನ್ನು ಇಳಿಸಿದ. ಗಿಟಾರಿಗೆಂದು ಮಾಡಿದ ಉಪಕರಣಗಳ ಮೂಲಕ ಆ ಸದ್ದನ್ನು ಹಾಯಿಸಿದ. ‘ವೆನ್ ಡವ್ಸ್ ಕ್ರೈ’ ಹಾಡಿನಲ್ಲಿ ಬಾಸ್ ಗಿಟಾರಿನ ದಾರಿಯನ್ನೇ ತೆಗೆದುಹಾಕಿ, ಶ್ರುತಿ ಇಳಿಸಿದ ಆ ಕಟಕಟ ಏಟಿನ ಮೇಲೆಯೇ ಹಾಡನ್ನು ನಿಲ್ಲಿಸಿದ. ಯಾರೋ ಬಾಗಿಲು ತಟ್ಟುತ್ತಿದ್ದಾರೆ, ಒಳಗಿನವರು ತೆರೆಯುತ್ತಿಲ್ಲ ಎಂಬ ಹಾಗೆ ಆ ಸದ್ದು ಕೇಳುತ್ತದೆ. ಆ ವರ್ಷ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಅದು ಐದು ವಾರ ತುದಿಯಲ್ಲಿತ್ತು. ಆ ಹಾಡಿಗೆ ಜೀವವಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಹೇಳುವವರು ಮೊದಲು ಅದನ್ನು ಕೇಳಿ ಬರಲಿ.

ಎರಡನೆಯ ಆಪಾದನೆ ಇದಕ್ಕಿಂತ ಗಟ್ಟಿ: ಯಂತ್ರ ವಾದಕರ ಅನ್ನ ಕಿತ್ತುಕೊಂಡಿತು ಎಂಬುದು. ಸ್ಟುಡಿಯೋಗಳಲ್ಲಿ ಡ್ರಮ್ ವಾದಕರಿಗೆ ಕೆಲಸ ಕಡಿಮೆಯಾದದ್ದು ಸುಳ್ಳಲ್ಲ. 1981ರಲ್ಲಿ ಇಂಗ್ಲೆಂಡಿನ ‘ಹ್ಯೂಮನ್ ಲೀಗ್’ ತಂಡ ನಿರ್ಮಾಪಕ ಮಾರ್ಟಿನ್ ರಷೆಂಟರ ಜೊತೆ ಸೇರಿ ‘ಡೇರ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರಲ್ಲಿ ಡ್ರಮ್ಮಿನ ಮುಂದೆ ಯಾರೂ ಕೂರಲಿಲ್ಲ, ಎಲ್‌ಎಂ-1 ಬಾರಿಸಿತು. ಅದರ ‘ಡೋಂಟ್ ಯು ವಾಂಟ್ ಮಿ’ ಆ ವರ್ಷದ ಕ್ರಿಸ್‌ಮಸ್ಸಿಗೆ ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಮರುವರ್ಷ, 1982ರ ಮೇ ತಿಂಗಳಿನಲ್ಲಿ, ಅಲ್ಲಿನ ಸಂಗೀತಗಾರರ ಸಂಘದ ಮಧ್ಯ ಲಂಡನ್ ಶಾಖೆ ಸಿಂಥಸೈಸರುಗಳನ್ನೂ ಡ್ರಮ್ ಯಂತ್ರಗಳನ್ನೂ ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ಅದು ಇಡೀ ಸಂಘದ ನೀತಿಯಾಗಲಿಲ್ಲ. ಯಂತ್ರಗಳು ನಿಲ್ಲಲೂ ಇಲ್ಲ.

ನಿಷೇಧದ ಹಾದಿ ನಮಗೂ ಹೊಸದಲ್ಲ. 1940ರಲ್ಲಿ ನಮ್ಮ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿ ಮೂರು ದಶಕ ಬಾಗಿಲು ಮುಚ್ಚಿತ್ತು. ಅಷ್ಟೂ ಕಾಲ ಹಾರ್ಮೋನಿಯಂ ನಾಟಕದ ಕಂಪನಿಗಳಲ್ಲಿ, ಭಜನೆಯ ಮನೆಗಳಲ್ಲಿ ಸುಖವಾಗಿ ಬಾಳಿತು. ನಿಷೇಧದಿಂದ ವಾದ್ಯಕ್ಕೆ ಏನೂ ಆಗುವುದಿಲ್ಲ. ಲಂಡನ್ನಿನ ವಾದಕರ ಸಂಕಟ ನಿಜವಾದದ್ದು. ಅವರು ಕೇಳಿದ ಔಷಧಿ ಮಾತ್ರ ತಪ್ಪು. ಹಣ ಉಳಿಸಬೇಕೆಂದು ವಾದಕನನ್ನು ಬೇಡವೆಂದವನು ನಿರ್ಮಾಪಕ. ಬೈಗಳು ತಿಂದದ್ದು ಪೆಟ್ಟಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಆ ಗದ್ದಲದಲ್ಲಿ ಮಂಡಿಸಬೇಕಾಗಿದ್ದ ಬೇಡಿಕೆಯೇ ಬೇರೆ. ಯಂತ್ರದಲ್ಲಿರುವ ಏಟು ನಮ್ಮಲ್ಲೊಬ್ಬನದು. ಅದನ್ನು ಬಳಸುವಾಗ ಅವನ ಹೆಸರು ಹೇಳಿ, ಅವನ ಪಾಲು ಕೊಡಿ ಎಂದು ಕೇಳಬೇಕಿತ್ತು. ಆ ಬೇಡಿಕೆ ಇಂದಿಗೂ ಹಳೆಯದಾಗಿಲ್ಲ.

ಪಾಲು ಎಂದೊಡನೆ ಹುಬ್ಬೇರಿಸುವವರಿದ್ದಾರೆ. ಅವರಿಗೆ ಲಿನ್ ಅವರ ಜೀವನದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಎರಿಕ್ ಕ್ಲಾಪ್ಟನ್ 1978ರಲ್ಲಿ ಹಾಡಿದ ‘ಪ್ರಾಮಿಸಸ್’ ಎಂಬ ಹಾಡನ್ನು ರಚಿಸಿದ ಇಬ್ಬರಲ್ಲಿ ರೋಜರ್ ಲಿನ್ ಒಬ್ಬರು. ಹಾಡನ್ನು ರಚಿಸಿದವನಿಗೆ ಅದು ರೇಡಿಯೋದಲ್ಲಿ ಬಂದಾಗಲೆಲ್ಲ ಹಕ್ಕಿನ ಹಣವುಂಟು, ತಟ್ಟೆಯ ಮೇಲೆ ಹೆಸರೂ ಉಂಟು. ಇದನ್ನು ಯಾರೂ ಅತಿಯೆನ್ನುವುದಿಲ್ಲ. ಮಾತನ್ನೂ ಸ್ವರವನ್ನೂ ಜೋಡಿಸುವುದು ಸೃಷ್ಟಿ, ತೊಗಲಿನ ಮೇಲೆ ಹದವರಿತು ಬಾರಿಸುವುದು ಕೂಲಿ ಎಂಬ ಭೇದವನ್ನು ಆ ದೇಶದ ಕಾನೂನು ಎಂದೋ ಮಾಡಿಬಿಟ್ಟಿತು. ಡ್ರಮ್ ಯಂತ್ರ ಆ ಭೇದವನ್ನು ಹುಟ್ಟಿಸಲಿಲ್ಲ. ಅದನ್ನು ಸಾವಿರ ಪಾಲು ಹೆಚ್ಚಿಸಿತು, ಅಷ್ಟೆ. ಮೊದಲು ಒಂದು ದಿನದ ಕೂಲಿಗೆ ಒಂದು ಹಾಡು ಸಿಗುತ್ತಿತ್ತು. ಈಗ ಒಂದು ದಿನದ ಏಟಿನಿಂದ ಎಷ್ಟು ಹಾಡು ಬೇಕಾದರೂ ಸಿಗುತ್ತದೆ.

ಹೇಗೆ ಹೆಚ್ಚಿಸಿತೆಂಬುದಕ್ಕೆ ಮುಂದಿನ ಯಂತ್ರವನ್ನು ನೋಡಬೇಕು. 1987ರಲ್ಲಿ ಕ್ಯಾಲಿಫೋರ್ನಿಯದ ಇ-ಮು ಕಂಪನಿ ‘ಎಸ್‌ಪಿ-1200’ ಎಂಬುದನ್ನು ತಂದಿತು. ಲಿನ್ ಯಂತ್ರದಲ್ಲಿ ಕಂಪನಿಯವರು ತುಂಬಿಕೊಟ್ಟ ಸದ್ದುಗಳಿದ್ದವು. ಇದರಲ್ಲಿ ಕೊಂಡವನೇ ತನಗೆ ಬೇಕಾದ ಸದ್ದನ್ನು ತುಂಬಬಹುದಿತ್ತು. ಹಿಡಿಯುತ್ತಿದ್ದದ್ದು ಒಟ್ಟು ಹತ್ತೇ ಸೆಕೆಂಡಿನ ಸದ್ದು. ನ್ಯೂಯಾರ್ಕಿನ ಹಿಪ್-ಹಾಪ್ ಹುಡುಗರು ಹಳೆಯ ತಟ್ಟೆಯನ್ನು ಅದರ ವೇಗಕ್ಕಿಂತ ಹೆಚ್ಚು ವೇಗದಲ್ಲಿ ತಿರುಗಿಸಿ ತುಂಬಿಕೊಂಡು, ಆಮೇಲೆ ಯಂತ್ರದಲ್ಲಿ ನಿಧಾನ ಮಾಡಿಕೊಳ್ಳುತ್ತಿದ್ದರು. ಹತ್ತು ಸೆಕೆಂಡಿನಲ್ಲಿ ಹೆಚ್ಚು ಸದ್ದು ಹಿಡಿಯುತ್ತಿತ್ತು. ಬಡವರ ಜಾಣತನ ಇದು; ಇದರಿಂದ ಹುಟ್ಟಿದ ಸಂಗೀತವನ್ನು ನಾನು ಹಳಿಯುವುದಿಲ್ಲ. ಆದರೆ ಅವರು ತುಂಬಿಕೊಂಡದ್ದು ಯಾರ ಸದ್ದು? ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ‘ಫಂಕಿ ಡ್ರಮ್ಮರ್’ ಎಂಬ ಹಾಡಿಗೆ ಬಾರಿಸಿದ ಒಂದು ಸಣ್ಣ ತನಿ, ಕೆಲವೇ ಸೆಕೆಂಡುಗಳದ್ದು, ಅವರ ಮೆಚ್ಚಿನ ಸರಕಾಯಿತು. ಎಸ್‌ಪಿ-1200ರಲ್ಲಿ ಪಳಗಿದ್ದ ‘ಪಬ್ಲಿಕ್ ಎನಿಮಿ’ ತಂಡದವರು 1989ರಲ್ಲಿ ಹೊರತಂದ ‘ಫೈಟ್ ದ ಪವರ್’ ಹಾಡಿನಲ್ಲಿಯೂ ಅದಿದೆ. ಹಾಡಿನ ಹೆಸರಿನಲ್ಲಿಯೇ ‘ಡ್ರಮ್ಮರ್’ ಇದ್ದರೂ ರಚನಕಾರರ ಪಟ್ಟಿಯಲ್ಲಿ ಆ ಡ್ರಮ್ಮರನಿಲ್ಲ. ಆದುದರಿಂದ ಅಷ್ಟೊಂದು ಹಾಡುಗಳಿಂದ ಸ್ಟಬಲ್‌ಫೀಲ್ಡ್‌ಗೆ ಹಕ್ಕಿನ ಹಣ ಬರಲಿಲ್ಲ. ‘ವಿನ್‌ಸ್ಟನ್ಸ್’ ತಂಡದ ಗ್ರೆಗರಿ ಕೋಲ್‌ಮನ್ ಅದೇ 1969ರಲ್ಲಿ ‘ಅಮೆನ್, ಬ್ರದರ್’ ಎಂಬ ಹಾಡಿನಲ್ಲಿ ಬಾರಿಸಿದ ಸುಮಾರು ಏಳು ಸೆಕೆಂಡಿನ ತನಿ ಸಾವಿರಾರು ಹಾಡುಗಳಲ್ಲಿ ಸೇರಿದೆ. ಆತ 2006ರಲ್ಲಿ ತೀರಿಕೊಂಡಾಗ ಮನೆಯೂ ಇಲ್ಲದ ಬಡವ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಇಲ್ಲಿ ಪ್ರಿನ್ಸ್ ಮತ್ತೆ ಬರುತ್ತಾನೆ. ಸ್ಟಬಲ್‌ಫೀಲ್ಡ್‌ಗೆ ಕ್ಯಾನ್ಸರ್ ಆಗಿದ್ದಾಗ ಸುಮಾರು 90,000 ಡಾಲರಿನಷ್ಟು ಆಸ್ಪತ್ರೆಯ ಖರ್ಚನ್ನು ಆತ ಯಾರಿಗೂ ಹೇಳದೆ ಕೊಟ್ಟಿದ್ದ. 2016ರಲ್ಲಿ ಪ್ರಿನ್ಸ್ ಸತ್ತ ಮೇಲೆ ಈ ಸಂಗತಿ ಹೊರಬಿತ್ತು. 2017ರಲ್ಲಿ ಸ್ಟಬಲ್‌ಫೀಲ್ಡ್ ಕೂಡ ತೀರಿಕೊಂಡರು. ಯಂತ್ರವನ್ನು ಅಷ್ಟು ಚೆನ್ನಾಗಿ ಬಲ್ಲವನಿಗೇ ಯಂತ್ರದ ಹಿಂದಿನ ಕೈಯ ಬೆಲೆಯೂ ಗೊತ್ತಿತ್ತು. 2015ರಲ್ಲಿ ವಿನ್‌ಸ್ಟನ್ಸ್ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆಂದು ಅಭಿಮಾನಿಗಳು ಚಂದಾ ಎತ್ತಿ 24,000 ಪೌಂಡು ಕೂಡಿಸಿಕೊಟ್ಟರು. ಕೋಲ್‌ಮನ್ ಆಗಲೇ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಇವೆಲ್ಲ ದೊಡ್ಡ ಮನಸ್ಸಿನ ಕೆಲಸಗಳು, ಒಪ್ಪುತ್ತೇನೆ. ಆದರೆ ಹಕ್ಕಾಗಿ ಬರಬೇಕಾದದ್ದು ದಾನವಾಗಿ ಬಂದರೆ ಪಡೆಯುವವನು ತಲೆ ತಗ್ಗಿಸಬೇಕಾಗುತ್ತದೆ, ದಾನಿ ಸಿಕ್ಕದಿದ್ದವನು ಹಸಿದಿರಬೇಕಾಗುತ್ತದೆ.

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನೇ ಎತ್ತಿಕೊಳ್ಳುತ್ತೇನೆ. ‘ಒಂದೇ ಒಂದು ಏಟು ಯಾರ ಸ್ವತ್ತು? ನಾಳೆ ಚಪ್ಪಾಳೆಗೂ ಬಾಡಿಗೆ ಕೇಳುತ್ತೀರೇನು?’ ಎನ್ನಬಹುದು. ಹಾಗಾದರೆ ಲಿನ್ ಕಂಪನಿಯವರು ಬೀದಿಯಲ್ಲಿ ಹೋಗುವವನನ್ನು ಕರೆದು ಏಟು ಹಾಕಿಸಲಿಲ್ಲವೇಕೆ? ಪಳಗಿದ ವಾದಕನನ್ನೇ ಕೂರಿಸಿಕೊಂಡರೇಕೆ? ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗದ ಒಂದು ಚಾಪೂ, ನಾನು ಅದೇ ಮೃದಂಗದ ಮೇಲೆ ಕುಟ್ಟುವ ಒಂದು ಕುಟ್ಟೂ ಒಂದೇ ಎಂದು ಹೇಳುವ ರಸಿಕರಿದ್ದರೆ ಮುಂದೆ ಬರಲಿ. ಒಂದು ಏಟಿನ ಹಿಂದೆ ಇಪ್ಪತ್ತು ವರ್ಷದ ಸಾಧನೆ ಇರಬಹುದು. ಆ ಸಾಧನೆಯನ್ನು ಹುಡುಕಿಕೊಂಡೇ ಕೊಳ್ಳುವವನು ಹೋಗುತ್ತಾನೆ.

‘ಅವನಿಗೆ ಅಂದೇ ಹಣ ಕೊಟ್ಟಾಯಿತಲ್ಲ’ ಎಂಬುದು ಎರಡನೆಯ ಆಕ್ಷೇಪ. ಕೊಟ್ಟಿದ್ದರೆ ಸಂತೋಷ. ಹಣದ ಲೆಕ್ಕ ಬೇರೆ, ಹೆಸರಿನ ಲೆಕ್ಕ ಬೇರೆ. ಮನೆ ಕಟ್ಟಿದ ಶಿಲ್ಪಿಗೆ ಸಂಬಳ ಸಂದಿದ್ದರೂ ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸುವುದುಂಟು. ಹೆಸರು ಹೇಳಲು ಕಾಸು ಖರ್ಚಾಗುವುದಿಲ್ಲ. ಖರ್ಚಿಲ್ಲದ್ದನ್ನೂ ಮಾಡದವರು ಖರ್ಚಿನದನ್ನು ಮಾಡಿಯಾರೆಂದು ನಂಬುವುದು ಹೇಗೆ?

‘ಒಂದು ಹಾಡಿನಲ್ಲಿ ನೂರಾರು ಸ್ಯಾಂಪಲ್ಲುಗಳಿರುತ್ತವೆ, ಎಲ್ಲರ ಹೆಸರು ಹೇಳುವುದು ಸಾಧ್ಯವೆ?’ ಎಂಬುದು ಮೂರನೆಯದು. ಸಿನಿಮಾದ ಕೊನೆಯಲ್ಲಿ ದೀಪ ಹಿಡಿದವನ, ಅಡಿಗೆ ಮಾಡಿದವನ ಹೆಸರು ಕೂಡ ಓಡುತ್ತದೆ. ಅದರಿಂದ ಯಾವ ಚಿತ್ರವೂ ಕೆಟ್ಟದ್ದಿಲ್ಲ. ಸೆಕೆಂಡಿಗೆ 28,000 ಅಂಕೆಗಳನ್ನು ನೆನಪಿಡುವ ಯಂತ್ರಕ್ಕೆ ಒಂದು ಹೆಸರಿನ ನಾಲ್ಕಾರು ಅಕ್ಷರಗಳು ಭಾರವಾಗುತ್ತವೆಯೆ?

ಇದೆಲ್ಲ ಅಮೆರಿಕದ ಕಥೆ, ನಮಗೇನು ಎನ್ನುವಂತಿಲ್ಲ. ನಮ್ಮ ಕಚೇರಿಯ ಆಹ್ವಾನಪತ್ರಿಕೆಯನ್ನು ನೋಡಿ. ಹಾಡುವವರ ಹೆಸರಿನ ಕೆಳಗೆ ಪಿಟೀಲು, ಮೃದಂಗ, ಘಟ, ಎಲ್ಲರ ಹೆಸರೂ ತಪ್ಪದೆ ಅಚ್ಚಾಗಿರುತ್ತದೆ. ಪಕ್ಕವಾದ್ಯವೆಂದು ಕರೆದರೂ ಹೆಸರನ್ನು ಪಕ್ಕಕ್ಕೆ ತಳ್ಳುವುದಿಲ್ಲ. ಇದು ನಾವು ಹೆಮ್ಮೆಪಡಬೇಕಾದ ಪದ್ಧತಿ. ಇನ್ನು ಅದೇ ಊರಿನ ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ ಬನ್ನಿ. ವೇದಿಕೆಯ ಮೂಲೆಯಲ್ಲಿ ಒಬ್ಬ ಹುಡುಗ ರಿದಂ ಪ್ಯಾಡಿನ ಮುಂದೆ ನಿಂತು ಎರಡು ಕೋಲುಗಳಿಂದ ತಬಲ, ಡೋಲಕ್, ತಮಟೆ ಎಲ್ಲವನ್ನೂ ಎಬ್ಬಿಸುತ್ತಾನೆ. ಲಿನ್ ಯಂತ್ರದ ಮೊಮ್ಮಗ ಆ ಪ್ಯಾಡು. ಉಪಾಯವೂ ಅದೇ, ಮರೆವೂ ಅದೇ. ಆ ಹುಡುಗನ ಚಳಕವನ್ನು ನಾನು ಮೆಚ್ಚುತ್ತೇನೆ. ಆದರೆ ಆ ಪ್ಯಾಡಿನೊಳಗೆ ಡೋಲಕ್ಕಿನ ಏಟು ಹಾಕಿ ಹೋದ ಡೋಲಕ್ ವಾದಕ ಒಬ್ಬ ಎಲ್ಲಿಯೋ ಇದ್ದಾನೆ; ತಮಟೆಯ ತೊಗಲನ್ನು ಬೆಂಕಿಗೆ ಹಿಡಿದು ಕಾಯಿಸಿ ಬಾರಿಸಿದವನೊಬ್ಬ ಇದ್ದಾನೆ. ಅವರು ಯಾರು?

ತಮಟೆಯ ಮಾತು ಬಂದದ್ದರಿಂದ ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ತಮಟೆ ಬಾರಿಸುವವನ ಹೆಸರನ್ನು ಯಂತ್ರ ಬರುವ ಮೊದಲೂ ನಾವು ಬರೆಯಲಿಲ್ಲ. ಮೃದಂಗಕ್ಕೆ ಆಹ್ವಾನಪತ್ರಿಕೆಯಲ್ಲಿ ಜಾಗವಿತ್ತು. ತಮಟೆಗೆ ಊರ ಹೊರಗೆ ಜಾಗವಿತ್ತು. ಅಮೆರಿಕದಲ್ಲಿ ಸ್ಟಬಲ್‌ಫೀಲ್ಡ್, ಕೋಲ್‌ಮನ್ ಇಬ್ಬರೂ ಕಪ್ಪು ಜನ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಯಾರ ಕೈಯ ಹೆಸರು ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬುದನ್ನು ಯಂತ್ರ ನಿರ್ಧರಿಸಲಿಲ್ಲ. ಅದಕ್ಕೂ ಬಹಳ ಮೊದಲೇ ಸಮಾಜ ನಿರ್ಧರಿಸಿತ್ತು. ‘ಯಂತ್ರ ಬಂದು ಮನುಷ್ಯನನ್ನು ಮರೆಸಿತು’ ಎಂದು ನಿಟ್ಟುಸಿರು ಬಿಡುವ ಮಹನೀಯರು, ಯಂತ್ರವಿಲ್ಲದಿದ್ದಾಗ ತಾವು ಎಷ್ಟು ಮಂದಿ ಮನುಷ್ಯರನ್ನು ನೆನಪಿಟ್ಟುಕೊಂಡಿದ್ದರೆಂದು ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು.

ಕಾನೂನಿನ ಮಟ್ಟಿಗೆ ನಮ್ಮ ದೇಶ ಹಿಂದೆ ಬಿದ್ದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯಲ್ಲಿ 38-ಬಿ ಎಂಬ ಹೊಸ ಕಲಮು ಸೇರಿತು. ಪ್ರದರ್ಶನ ನೀಡಿದ ಕಲಾವಿದ ತನ್ನ ಹೆಸರು ಹೇಳಬೇಕೆಂದು ಕೇಳುವ ಹಕ್ಕನ್ನು ಅದು ಕೊಡುತ್ತದೆ. ಆದರೆ ಬಾಲಕ್ಕೊಂದು ಗಂಟೂ ಇದೆ: ಬಳಸುವ ರೀತಿಯೇ ಹೆಸರನ್ನು ಬಿಡಬೇಕಾದಂತಿದ್ದರೆ ಬಿಡಬಹುದಂತೆ. ಸ್ಯಾಂಪಲ್ಲುಗಳ ವಿಷಯದಲ್ಲಿ ಎಲ್ಲರೂ ಈ ಗಂಟನ್ನೇ ಹಿಡಿದುಕೊಂಡು ಪಾರಾಗಬಹುದೆಂಬ ಭಯ ನನಗಿದೆ. ಒಂದು ಏಟಾದರೂ ಅದು ಪ್ರದರ್ಶನವೇ, ಹೆಸರಿಸಲು ಯಾವ ಅಡ್ಡಿಯೂ ಇಲ್ಲ ಎಂದು ಕಲಾವಿದರ ಸಂಘಗಳು ಗಟ್ಟಿಯಾಗಿ ಹೇಳಬೇಕು. ಹೇಳದ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಈ ಮಾತಿಗೆ ಅವಸರವೂ ಇದೆ. ಅಂದು ಒಂದೊಂದು ಏಟು ಯಂತ್ರದೊಳಗೆ ಹೋಯಿತು. ಇಂದು ಇಡೀ ಹಾಡುಗಳೇ, ಕಂಠಗಳೇ ಕೃತಕ ಬುದ್ಧಿಯ ಯಂತ್ರಗಳಿಗೆ ಆಹಾರವಾಗುತ್ತಿವೆ. 2024ರ ಜೂನಿನಲ್ಲಿ ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿಗಳು ಅಂಥ ಎರಡು ಸಂಸ್ಥೆಗಳ ಮೇಲೆ ದಾವೆ ಹೂಡಿದವು: ನಮ್ಮ ಹಾಡುಗಳನ್ನು ಕೇಳದೆ ಕೊಳ್ಳದೆ ಯಂತ್ರಕ್ಕೆ ಉಣಿಸಿದ್ದಾರೆಂದು. ದೂರಿನಲ್ಲಿ ನ್ಯಾಯವಿರಬಹುದು. ಆದರೆ ಡ್ರಮ್ ವಾದಕರು ನಲವತ್ತು ವರ್ಷ ಇದೇ ದೂರನ್ನು ಹೊತ್ತು ತಿರುಗುತ್ತಿದ್ದಾಗ ಆ ಉದ್ಯಮ ಎಲ್ಲಿತ್ತು? ಏಟು ಹೋದಾಗ ಅದು ಲೆಕ್ಕಕ್ಕಿಲ್ಲದ ಚಿಲ್ಲರೆ. ಹಾಡು ಹೋದಾಗ ಕಳ್ಳತನ. ಚಿಲ್ಲರೆಯ ದಿನವೇ ಎಲ್ಲರೂ ಸೇರಿ ದನಿ ಎತ್ತಿದ್ದರೆ, ಇಂದು ಗಂಟಿಗಾಗಿ ಅಳುವ ಹೊತ್ತಿಗೆ ಕೇಳುವವರಿಗೆ ನ್ಯಾಯದ ಪಾಠ ಆಗಲೇ ಬಾಯಿಗೆ ಬಂದಿರುತ್ತಿತ್ತು.

ಆದುದರಿಂದ ನಾನು ಕೇಳುವುದು ಬಹಳವಿಲ್ಲ. ಯಂತ್ರವನ್ನು ಬಳಸಿ; ಹಂಗಿಲ್ಲದೆ ಬಳಸಿ, ಚೆನ್ನಾಗಿ ಬಳಸಿ. ಆದರೆ ಸದ್ದುಗಳನ್ನು ತುಂಬಿ ಮಾರುವವರು ಯಾರ ಕೈ ಬಾರಿಸಿತೆಂದು ಅದರೊಡನೆ ಬರೆದು ಕೊಡಲಿ. ಹಾಡು ಮಾಡುವವರು ಆ ಹೆಸರನ್ನು ಹಾಡಿನ ವಿವರದಲ್ಲಿ ಸೇರಿಸಲಿ. ಗೀತೆ ಬರೆದವರು, ರಾಗ ಹಾಕಿದವರು ಇರುವ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಇರಲಿ. ಹಾಡಿಗೆ ಲಾಭ ಬಂದರೆ ಅದರಲ್ಲಿ ಆ ಕೈಗೂ ಒಂದು ಸಣ್ಣ ಪಾಲು ಸಲ್ಲಲಿ. ಕೇಳುವ ನಾವು ನಮ್ಮ ಪಾಲಿನದನ್ನು ಮಾಡೋಣ. ಮುಂದಿನ ಸಲ ಒಂದು ಹಾಡಿನ ತಾಳ ಕಿವಿಗೆ ಹಿತವಾದಾಗ ‘ಯಂತ್ರ’ ಎಂದು ಕೈಬಿಡುವ ಬದಲು, ಇದನ್ನು ಬಾರಿಸಿದವರು ಯಾರು ಎಂದು ಕೇಳೋಣ. ಕೇಳುವವರು ಹೆಚ್ಚಾದರೆ ಉತ್ತರ ಬರೆಯುವವರು ಹುಟ್ಟಿಯೇ ಹುಟ್ಟುತ್ತಾರೆ.